ಮನೆವಾರ್ತೆಯವನ ಲೆಕ್ಕ

ಕ್ರೈಸ್ತಮತದ ನೀತಿಬೋಧೆಯಲ್ಲಿ ಆಳವಾಗಿ ಬೇರೂರಿರುವ ಭಾವನೆಯೊಂದನ್ನು ಈ ಉಪನ್ಯಾಸದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ. ಮನುಷ್ಯನು ತನ್ನ ಆಯುಸ್ಸಿಗಾಗಲಿ, ಬುದ್ಧಿಶಕ್ತಿಗಾಗಲಿ, ಹಣಕಾಸಿಗಾಗಲಿ ಒಡೆಯನಲ್ಲ. ಅವೆಲ್ಲವೂ ದೇವರ ಸ್ವತ್ತು. ಕೆಲವು ಕಾಲದ ಮಟ್ಟಿಗೆ ಮಾತ್ರ ಅವನ ವಶಕ್ಕೆ ಬಂದಿರುವುವು. ಅವುಗಳನ್ನು ಹೇಗೆ ನಡೆಸಿದನೆಂಬುದಕ್ಕೆ ಅವನು ಲೆಕ್ಕ ಹೇಳಬೇಕು. ಇಷ್ಟೇ ಆ ಭಾವನೆ. ಇದನ್ನು ಹೇಳಲು ಎರಡು ನಿಮಿಷ ಸಾಕು. ಭಾನುವಾರದ ಬೆಳಗ್ಗೆ ದೇವಾಲಯದಲ್ಲಿ ಕುಳಿತು ಕೇಳಿ, ತಲೆದೂಗಿ, ಮನೆಗೆ ಬರುವುದಕ್ಕೂ ಯಾವ ತೊಂದರೆಯೂ ಇಲ್ಲ. ಇದರ ಕಷ್ಟವು ಗೊತ್ತಾಗುವುದು ಒಂದು ನಿಜವಾದ ನೆಲದ ಮೇಲೆ, ನಿಜವಾದ ಜನರ ಬಾಳಿನ ಮೇಲೆ ಇಟ್ಟು ನೋಡಿದಾಗ. ಆದಕಾರಣ ನಾವು ಹಾಸನ ಜಿಲ್ಲೆಯ ಪಶ್ಚಿಮಭಾಗವನ್ನು, ಎಂದರೆ ಸಕಲೇಶಪುರ ಆಲೂರುಗಳ ಬೆಟ್ಟಸೀಮೆಯನ್ನೂ ಅದರ ಅಂಚಿನ ಹಳ್ಳಿಗಳನ್ನೂ ಆರಿಸಿಕೊಂಡಿದ್ದೇವೆ. ಹಿಂದೆ ಮಂಜರಾಬಾದ್ ಎನಿಸಿಕೊಂಡಿದ್ದ ಈ ಸೀಮೆಯಲ್ಲಿಯೂ ಇದರ ನೆರೆಯಲ್ಲಿಯೂ ಕಾಫಿಯ ತೋಟಗಾರರೂ ಕ್ರೈಸ್ತ ಪಾದ್ರಿಗಳೂ ಬಹುಕಾಲ ಬಾಳಿರುವುದರಿಂದ ನಮ್ಮ ವಿಷಯಕ್ಕೆ ಬೇಕಾದ ದೃಷ್ಟಾಂತಗಳು ಇಲ್ಲಿಯೇ ದೊರೆಯುತ್ತವೆ.

ಮೊದಲು ಮಾತುಗಳನ್ನು ನೋಡೋಣ. ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯಲ್ಲಿ ಈ ಭಾವನೆಗೆ ಆಧಾರವಾದ ಶಬ್ದ ಓಯ್ಕೊನೊಮೊಸ್ ಎಂಬುದು. ಓಯ್ಕೊಸ್ ಎಂದರೆ ಮನೆ. ನೊಮೊಸ್ ಎಂದರೆ ಕಟ್ಟಳೆ. ಯಜಮಾನನ ಮನೆಯ ಆಳುಕಾಳು, ದವಸಧಾನ್ಯ, ಆಯವ್ಯಯಗಳನ್ನು ನೋಡಿಕೊಳ್ಳುವ ಅಧಿಕಾರಿ ಅವನು. ಇಂಗ್ಲಿಷಿನ ಎಕಾನಮಿ ಎಂಬ ಪದವು ಇದೇ ಬೇರಿನಿಂದ ಹುಟ್ಟಿದ್ದು. ಬಳ್ಳಾರಿಯಲ್ಲಿ ಮುದ್ರಣವಾಗಿ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲ್ಲಿನ ಕಾಲದಿಂದ ಅನೇಕ ಸಾರಿ ತಿದ್ದುಪಾಟುಗಳಾಗಿ ಇಂದು ಬಳಕೆಯಲ್ಲಿರುವ ಭಾಷಾಂತರದಲ್ಲಿ ಈ ಅಧಿಕಾರಿಗೆ ಮನೆವಾರ್ತೆಯವನು ಎಂಬ ಹೆಸರಿದೆ. ಇಂಗ್ಲಿಷ್ ಕಲಿತ ನಮ್ಮಂಥವರಿಗೆ ಈ ಮಾತು ತುಸು ಹಳ್ಳಿಯದಾಗಿ ಕೇಳಿಸಬಹುದು. ಆದರೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕುವುದು ಕಷ್ಟ. ಚಾಲುಕ್ಯ ಹೊಯ್ಸಳರ ಶಾಸನಗಳಲ್ಲಿ ಮನೆವೆರ್ಗಡೆ ಎಂಬ ಅಧಿಕಾರಪದವು ಬರುವುದನ್ನು ಶಾಸನಗಳ ಪರಿಚಯವುಳ್ಳವರು ಬಲ್ಲರು. ಅರಮನೆಯ ಒಳಾಡಳಿತ ಅವನ ಕೈಯಲ್ಲಿತ್ತು, ಅರಮನೆ ಅವನದಾಗಿರಲಿಲ್ಲ. ಭಂಡಾರಿಯ ಪದವಿಯೂ ಇಂಥದೇ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಇಂದಿಗೂ ಭಂಡಾರಿ ಬಸದಿಯೆಂದೇ ಹೆಸರು. ಅದೇ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ವಿಚಾರವಾಗಿ, ಅವರು ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿದರೆಂದು ಚಾಡಿ ಹುಟ್ಟಿತೆಂದೂ, ಎಣಿಸಿ ನೋಡಿದಾಗ ಲೆಕ್ಕವು ಸರಿಯಾಗಿದ್ದಿತೆಂದೂ ಪುರಾಣಗಳು ಹೇಳುವುವು. ಕಾಯಕದಿಂದ ಗಳಿಸಿದ್ದು ತನ್ನದಲ್ಲ, ದಾಸೋಹಕ್ಕೆ ಸಲ್ಲತಕ್ಕದ್ದು ಎಂದು ಕೇಳುತ್ತ ಬೆಳೆದ ನಾಡಿಗೆ ಕ್ರೈಸ್ತರ ಈ ಬೋಧೆಯು ಅಪರಿಚಿತವಾದುದೇನೂ ಅಲ್ಲ. ಆದರೂ ಎರಡನ್ನೂ ಒಂದೇ ಎಂದು ಬೆಸೆದುಬಿಡುವುದು ಸರಿಯಲ್ಲ. ಕ್ರೈಸ್ತರ ಬೋಧೆಯಲ್ಲಿ ಒತ್ತು ಬೀಳುವುದು, ಒಡೆಯನು ದೂರ ಹೋಗಿರುವನು, ತಿರುಗಿ ಬರುವನು, ಬಂದಾಗ ಕೇಳುವನು ಎಂಬುದರ ಮೇಲೆ.

ಆ ಕಥೆಯು ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿದೆ. ದೇಶಾಂತರಕ್ಕೆ ಹೊರಟ ಯಜಮಾನನೊಬ್ಬನು ತನ್ನ ಆಳುಗಳಲ್ಲಿ ಒಬ್ಬನಿಗೆ ಐದು ತಲಾಂತನ್ನೂ, ಇನ್ನೊಬ್ಬನಿಗೆ ಎರಡನ್ನೂ, ಮತ್ತೊಬ್ಬನಿಗೆ ಒಂದನ್ನೂ ಅವರವರ ಶಕ್ತಿಗೆ ತಕ್ಕಂತೆ ಒಪ್ಪಿಸಿ ಹೋಗುವನು. ಮೊದಲಿಬ್ಬರು ವ್ಯಾಪಾರ ಮಾಡಿ ದ್ವಿಗುಣ ಮಾಡುವರು. ಮೂರನೆಯವನು ನೆಲ ಅಗೆದು ಹೂತಿಡುವನು. ಬಹುಕಾಲದ ಮೇಲೆ ಯಜಮಾನನು ಬಂದು ಲೆಕ್ಕ ಕೇಳಿದಾಗ ಮೊದಲಿಬ್ಬರಿಗೆ ಒಂದೇ ಬಗೆಯ ಹೊಗಳಿಕೆ. ಮೂರನೆಯವನಿಗೆ ಹೊರಗಣ ಕತ್ತಲೆ. ತಲಾಂತು ಎಂಬುದು ನಾಣ್ಯವಲ್ಲ, ತೂಕ. ಒಂದು ತಲಾಂತು ಬೆಳ್ಳಿಗೆ ಸುಮಾರು 6000 ದಿನಗೂಲಿಯ ಬೆಲೆ. ಎಂದರೆ ಒಬ್ಬ ಕೂಲಿಯಾಳಿನ ಇಪ್ಪತ್ತು ವರ್ಷಗಳ ಸಂಪಾದನೆ. ಒಂದೇ ತಲಾಂತು ಪಡೆದವನು ಬಡಪಾಯಿಯೆಂದು ಮರುಗುವವರು ಈ ಗಣಿತವನ್ನು ಮರೆಯುತ್ತಾರೆ. ಯೂರೋಪಿನ ಭಾಷೆಗಳಲ್ಲಿ ಈ ಕಥೆಯ ಪ್ರಭಾವ ಎಷ್ಟಾಯಿತೆಂದರೆ, ಇಂಗ್ಲಿಷಿನಲ್ಲಿ ಟ್ಯಾಲೆಂಟ್ ಎಂಬುದಕ್ಕೆ ಬುದ್ಧಿಯ ಪ್ರತಿಭೆಯೆಂಬ ಅರ್ಥವೇ ನೆಲೆಯಾಗಿ ಹೋಗಿ, ಬೆಳ್ಳಿಯ ತೂಕವು ಜನರ ನೆನಪಿನಿಂದ ಜಾರಿತು. ಕನ್ನಡದಲ್ಲಿ ಹಾಗಾಗಲಿಲ್ಲ. ತಲಾಂತು ನಮ್ಮಲ್ಲಿ ತೂಕವಾಗಿಯೇ ಉಳಿಯಿತು. ಇದರಿಂದ ನಮಗೆ ಒಂದು ಲಾಭವುಂಟು. ಪ್ರತಿಭೆಯೆಂದೊಡನೆ ಸಂಗೀತಗಾರನ ಕಂಠ, ಚಿತ್ರಕಾರನ ಕೈ ಮುಂತಾದುವು ಮಾತ್ರ ನೆನಪಿಗೆ ಬರುವುವು. ತೂಕವೆಂದಾಗ ಹೊರೆಯೂ ನೆನಪಾಗುವುದು.

ಇನ್ನು ಬೆಟ್ಟಸೀಮೆಗೆ ಹೋಗೋಣ. ಈ ಕಥೆಯನ್ನು ಸಕಲೇಶಪುರದ ಕಡೆಯ ಹಳೆಯ ತೋಟಗಳಲ್ಲಿ ಕೆಲಸಮಾಡಿದವರಿಗೆ ವಿವರಿಸಬೇಕಾಗಿಯೇ ಇರಲಿಲ್ಲ. ಮಂಜರಾಬಾದಿನ ದಕ್ಷಿಣಭಾಗದಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತನು 1843ರಲ್ಲಿ ಕಾಫಿಯ ಬೇಸಾಯವನ್ನಾರಂಭಿಸಿದ ಮೇಲೆ ಒಬ್ಬೊಬ್ಬರಾಗಿ ಬಿಳಿಯ ತೋಟಗಾರರು ಬಂದು ನೆಲೆಸಿದರು. ಜನರು ಅವರನ್ನು ದೊರೆಗಳೆಂದು ಕರೆದರು. ದೊರೆಯು ಸೀಮೆಗೆ ಹೋದಾಗ ತೋಟವು ಮ್ಯಾನೇಜರ ವಶ. ಅವನ ಕೆಳಗೆ ರೈಟರು. ರೈಟರ ಕೆಳಗೆ ಮೇಸ್ತ್ರಿಗಳು. ಮೇಸ್ತ್ರಿಗಳ ಕೆಳಗೆ ಲೈನುಮನೆಗಳ ಆಳುಗಳು. ಕಾಗದವು ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣಮಾಡಿ ಹೋಗಬೇಕು. ಉತ್ತರವು ಹಾಗೆಯೇ ಬರಬೇಕು. ಹೂಮಳೆಯು ಬಿದ್ದಿತೋ ಇಲ್ಲವೋ, ಮರಗಸಿ ಸಕಾಲದಲ್ಲಿ ಆಯಿತೋ ಇಲ್ಲವೋ, ಯಜಮಾನನಿಗೆ ಕಣ್ಣಾರೆ ಕಾಣುವ ಮಾರ್ಗವಿಲ್ಲ. ಅವನಿಗೆ ಕಾಣುವುದು ವರ್ಷದ ಕೊನೆಯಲ್ಲಿ ಎಷ್ಟು ಕಾಫಿ ಹಡಗು ಹತ್ತಿತೆಂಬ ಅಂಕಿ ಒಂದೇ.

ಇಲ್ಲಿಯೇ ಸೂಕ್ಷ್ಮವಾದ ವಿಷಯವೊಂದಿದೆ. ಕಾಫಿಯ ಗಿಡಕ್ಕೆ ನೆರಳನ್ನು ಕಡಿಮೆ ಮಾಡಿ ಬಿಸಿಲನ್ನು ಹೆಚ್ಚಾಗಿ ಬಿಟ್ಟರೆ ಒಂದೆರಡು ವರ್ಷ ಫಸಲು ಹೆಚ್ಚುವುದು. ಗಿಡವು ತನ್ನ ಶಕ್ತಿಗೆ ಮೀರಿ ಕಾಯನ್ನು ಹೊತ್ತು, ಬಳಿಕ ರೆಕ್ಕೆಗಳು ಒಣಗಿ, ಸೊರಗುವುದು. ಆದುದರಿಂದ ಒಡೆಯನು ಕಾಣದಿರುವಾಗ ತೋಟವನ್ನು ಹಿಂಡಿ ಒಳ್ಳೆಯ ಅಂಕಿಯನ್ನು ಕಳುಹಿಸುವುದು ಯಾವ ಮ್ಯಾನೇಜರನಿಗೂ ಅಸಾಧ್ಯವಾಗಿರಲಿಲ್ಲ. ಪುಸ್ತಕದಲ್ಲಿ ಲೆಕ್ಕವು ಸರಿಯಾಗಿಯೇ ಇರುವುದು. ಒಂದು ಕಾಸಿನ ಕಳ್ಳತನವೂ ಇರದು. ಆದರೂ ಸ್ವತ್ತು ಕರಗಿ ಹೋಗಿರುವುದು. ಆಯುಸ್ಸಿನ ವಿಚಾರದಲ್ಲಿಯೂ ಹೀಗೆಯೇ ಎಂದು ನಮಗೆ ತೋರುತ್ತದೆ. ಕೊಟ್ಟದ್ದನ್ನು ಎರಡರಷ್ಟು ಮಾಡಬೇಕೆಂಬ ಕಥೆಯ ಮಾತನ್ನು ಮಾತ್ರ ಹಿಡಿದುಕೊಂಡು, ದೇಹವನ್ನೂ ಮನೆಯವರನ್ನೂ ಕೈಕೆಳಗಿನವರನ್ನೂ ಹಿಂಡಿ, ನಾನು ದೇವರ ಸೇವೆಯನ್ನು ಮಾಡುತ್ತಿದ್ದೇನೆ ಎಂದುಕೊಳ್ಳುವ ಭಕ್ತರು ಎಲ್ಲ ಮತಗಳಲ್ಲಿಯೂ ಉಂಟು. ಅವರು ಕಳುಹಿಸುವ ಅಂಕಿಗಳು ದೊಡ್ಡವು. ತೋಟವನ್ನು ನೋಡಿದವರಿಗೆ ಮಾತ್ರ ಬೇರೆ ಕಥೆ ಗೊತ್ತು.

ಹಿಂಡಿದ ತೋಟಗಳಿಗೆ ಏನಾಯಿತೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷ್ಯವಿದೆ. 1860ರ ದಶಕದ ಕಡೆಯ ವರ್ಷಗಳಲ್ಲಿ ಮೈಸೂರು ಕೊಡಗುಗಳ ಕಾಫಿಗೆ ಕಾಂಡ ಕೊರೆಯುವ ಹುಳುವಿನ ಬಾಧೆಯು ಭಯಂಕರವಾಗಿ ತಗುಲಿತು. ತೋಟದವರು ಇದನ್ನು ಬೋರರ್ ಎಂದೇ ಕರೆಯುವರು. ಮದರಾಸು ಸರ್ಕಾರದವರು ನೇಮಿಸಿದ ಡಾಕ್ಟರ್ ಜಾರ್ಜ್ ಬೈಡಿ ಎಂಬವರು ತೋಟಗಳನ್ನು ಸುತ್ತಿ ನೋಡಿ 1869ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೆರಳಿನ ಮರಗಳ ಅಗತ್ಯವನ್ನು ಒತ್ತಿ ಹೇಳಿದರು. ಈ ದುಂಬಿಯು ಬಿಸಿಲನ್ನು ಬಯಸುವುದು. ಬಿಸಿಲು ಬಿದ್ದು ಕಾದ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದು. ಕಾಡನ್ನು ಪೂರ್ತಿಯಾಗಿ ಸವರಿ ಬೋಳುಮಾಡಿ ಗಿಡ ನೆಟ್ಟವರಿಗೆ ಪೆಟ್ಟು ಹೆಚ್ಚಾಗಿ ಬಿದ್ದುದು ಆಶ್ಚರ್ಯವಲ್ಲ. ಮಂಜರಾಬಾದಿನಲ್ಲಿ 1856ರ ಸುಮಾರಿಗೆ ತೋಟ ಹೂಡಿದ ರಾಬರ್ಟ್ ಹೆನ್ರಿ ಎಲಿಯಟ್ ಎಂಬಾತನು ಈ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲೊಬ್ಬನು. 1871ರಲ್ಲಿಯೂ 1894ರಲ್ಲಿಯೂ ಅವನು ಬರೆದ ಮೈಸೂರಿನ ಅನುಭವಗಳ ಪುಸ್ತಕಗಳು ಪ್ರಸಿದ್ಧವಾಗಿವೆ. ಎರಡನೆಯದರಲ್ಲಿ ನೆರಳಿನ ಮರಗಳ ವಿಚಾರಕ್ಕೆ ಅವನು ಕೊಟ್ಟಿರುವ ಸ್ಥಳವನ್ನು ನೋಡಿದರೆ, ಬಸರಿ ಗೋಣಿ ಮುಂತಾದ ನಾಡಮರಗಳನ್ನು ಅವನು ಎಷ್ಟು ಎಚ್ಚರದಿಂದ ಪರೀಕ್ಷಿಸುತ್ತಿದ್ದನೆಂಬುದು ತಿಳಿಯುತ್ತದೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿಯೇನೆಂದರೆ, ಇದೇ ಎಲಿಯಟ್ ತನ್ನ ಹಿರಿವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಕೆಲ್ಸೊ ಊರಿನ ಬಳಿಯ ಕ್ಲಿಫ್ಟನ್ ಪಾರ್ಕಿನ ತನ್ನ ಜಮೀನಿನಲ್ಲಿ ಆಳವಾಗಿ ಬೇರುಬಿಡುವ ಹುಲ್ಲುಗಳನ್ನು ಬಿತ್ತಿ, ಸವೆದ ಮಣ್ಣಿಗೆ ಸಾರವನ್ನು ಮರಳಿ ತರುವ ಪದ್ಧತಿಯನ್ನು ರೂಪಿಸಿದನು. ಅಲ್ಲಿನ ಬೇಸಾಯದ ಚರಿತ್ರೆಯಲ್ಲಿ ಆ ಪದ್ಧತಿಗೆ ಕ್ಲಿಫ್ಟನ್ ಪಾರ್ಕಿನ ಹೆಸರೇ ಇದೆ. ಎಲಿಯಟ್ಟನನ್ನು ಭಕ್ತಶಿರೋಮಣಿಯೆಂದು ನಾವು ಹೇಳುತ್ತಿಲ್ಲ. ಅವನು ಲಾಭಕ್ಕಾಗಿ ಬಂದವನು. ಜಾತಿಪದ್ಧತಿಯನ್ನು ಸಮರ್ಥಿಸಿ ಪಾದ್ರಿಗಳೊಡನೆ ವಾದಿಸಿದವನು. ಆದರೆ ಕೈಗೆ ಬಂದ ನೆಲವನ್ನು ಬಂದುದಕ್ಕಿಂತ ಕೆಟ್ಟದ್ದಾಗಿ ಬಿಟ್ಟುಹೋಗಕೂಡದು ಎಂಬ ಭಾವನೆಯನ್ನು ಉಪದೇಶಗಳಿಗಿಂತ ಅವನ ಬೇಸಾಯದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಬಾಳನ್ನೇ ಒಪ್ಪಿಸಿದವರ ವಿಚಾರಕ್ಕೆ ಬಂದರೆ ನಾವು ಇನ್ನೂ ಹಿಂದಕ್ಕೆ ಹೋಗಬೇಕು. 1792ರಲ್ಲಿ, ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ಉರಿಯುತ್ತಿದ್ದಾಗ, ಝಾನ್ ಆಂತ್ವಾನ್ ದ್ಯುಬುವಾ ಎಂಬ ತರುಣ ಪಾದ್ರಿಯು ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಕಡೆಯಿಂದ ಹಿಂದೂದೇಶಕ್ಕೆ ಹೊರಟನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವುದಕ್ಕಾಗಿ ಅವನು ಮೈಸೂರು ಸೀಮೆಗೆ ಬಂದನು. ಈ ದೇಶದವರಂತೆ ಉಡುಪು ತೊಟ್ಟು, ರುಮಾಲು ಸುತ್ತಿ, ಇಲ್ಲಿಯ ಊಟೋಪಚಾರಗಳನ್ನು ರೂಢಿಸಿಕೊಂಡು ಊರೂರು ತಿರುಗಿದನು. ಜನರು ಅವನನ್ನು ದೊಡ್ಡಸ್ವಾಮಿಯವರೆಂದು ಕರೆದರು. ಹಾಸನಕ್ಕೆ ಸಮೀಪದ ಸಾತಳ್ಳಿಯ ಕ್ರೈಸ್ತರಲ್ಲಿ ಅವನ ನೆನಪು ಬಹುಕಾಲ ಪ್ರೀತಿಯಿಂದ ಉಳಿದಿತ್ತು. ದಿಕ್ಕಿಲ್ಲದವರನ್ನು ನೆಲದ ಮೇಲೆ ನಿಲ್ಲಿಸಬೇಕೆಂಬ ಆಲೋಚನೆಯಿಂದ ಅವನು ಬೇಸಾಯದ ವಸತಿಗಳನ್ನು ಏರ್ಪಡಿಸಿದನು. ಜಪತಪಗಳಿಗಿಂತ ಮೊದಲು ನೇಗಿಲು ಬೇಕೆಂಬುದನ್ನು ಅವನು ಅರಿತಿದ್ದನೆಂದು ತೋರುತ್ತದೆ.

ಸಿಡುಬಿಗೆ ಚುಚ್ಚುವ ಕೆಲಸದಲ್ಲಿ ಅವನು ಪಟ್ಟ ಶ್ರಮವು ಇದಕ್ಕಿಂತ ಗಮನಾರ್ಹವಾದುದು. ಇಂಗ್ಲೆಂಡಿನ ಜೆನ್ನರನು ಹಸುವಿನ ಸಿಡುಬಿನ ಗುಣವನ್ನು 1798ರಲ್ಲಿ ಪ್ರಕಟಪಡಿಸಿದನು. 1802ರಲ್ಲಿ ಆ ಚುಚ್ಚುಮದ್ದು ಮುಂಬಯಿಗೆ ತಲುಪಿತು. ಅದಾದ ಮರುವರ್ಷದಿಂದಲೇ ಮೈಸೂರು ಸೀಮೆಯಲ್ಲಿ ದ್ಯುಬುವಾನ ಮೇಲ್ವಿಚಾರಣೆಯಲ್ಲಿ ಕೆಲಸ ನಡೆದು, 1803–04ರಲ್ಲಿ ಎಂಟು ತಿಂಗಳುಗಳೊಳಗೆ 25,432 ಮಂದಿಗೆ ಚುಚ್ಚಿದುದು ದಾಖಲೆಯಾಗಿದೆ. ಆ ಕಾಲದಲ್ಲಿ ಮದ್ದನ್ನು ಶೀಶೆಯಲ್ಲಿ ತುಂಬಿ ಮಂಜುಗಡ್ಡೆಯಲ್ಲಿಡುವ ಅನುಕೂಲವಿರಲಿಲ್ಲ. ಒಂದು ಮಗುವಿನ ತೋಳಿಗೆ ಚುಚ್ಚಿದ ಮೇಲೆ ಎಂಟನೆಯ ದಿನದ ಸುಮಾರಿಗೆ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಆ ಮಗುವಿನಿಂದ ಮತ್ತೊಂದಕ್ಕೆ. ಹೀಗೆ ತೋಳಿನಿಂದ ತೋಳಿಗೆ ನಡೆದರೆ ಮಾತ್ರ ಮದ್ದು ಜೀವಂತವಾಗಿರುವುದು. ಪಡೆದವನು ಕೊಡಲು ಒಪ್ಪದೆ ಮನೆಯ ಬಾಗಿಲು ಹಾಕಿಕೊಂಡರೆ ಸರಪಣಿಯು ಅಲ್ಲಿಗೆ ಮುರಿಯಿತು. ಮುಂದಿನ ಊರಿಗೆ ಮದ್ದಿಲ್ಲ. ದೇವರ ವರಗಳನ್ನು ಒಬ್ಬರಿಂದೊಬ್ಬರಿಗೆ ಸಲ್ಲಿಸಬೇಕೆಂದು ಪೇತ್ರನ ಪತ್ರಿಕೆಯಲ್ಲಿ ಹೇಳಿರುವುದಕ್ಕೆ ಇಷ್ಟು ಸ್ಫುಟವಾದ ವ್ಯಾಖ್ಯಾನವನ್ನು ನಾವು ಬೇರೆ ಎಲ್ಲಿಯೂ ಕಂಡಿಲ್ಲ. ಪರದೇಶದ ಪಾದ್ರಿಯೊಬ್ಬನ ಮಾತನ್ನು ನಂಬಿ ತಮ್ಮ ಕೂಸುಗಳ ತೋಳುಗಳನ್ನು ಒಡ್ಡಿದ ತಾಯಂದಿರ ಹೆಸರುಗಳು ಯಾವ ಇತಿಹಾಸದ ಪುಸ್ತಕದಲ್ಲಿಯೂ ಇಲ್ಲ. ಲೆಕ್ಕದಲ್ಲಿ ಅವರ ಭಾಗವು ಪಾದ್ರಿಯದಕ್ಕಿಂತ ಕಡಿಮೆಯದಲ್ಲ.

ಆದರೆ ದ್ಯುಬುವಾ ತನ್ನ ಲೆಕ್ಕವನ್ನು ತಾನೇ ಬರೆದುಕೊಂಡಾಗ ಏನು ಬರೆದನು? ಇದು ನಮ್ಮ ವಿಷಯದ ಮರ್ಮ. ಮೂವತ್ತು ವರ್ಷ ಈ ದೇಶದಲ್ಲಿ ದುಡಿದು 1823ರಲ್ಲಿ ಅವನು ಫ್ರಾನ್ಸಿಗೆ ಹಿಂದಿರುಗಿದನು. ಅದೇ ವರ್ಷ ಹಿಂದೂದೇಶದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವನ ಪತ್ರಗಳು ಪ್ರಕಟವಾದುವು. ಇಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಪ್ರಯತ್ನವು ಕೈಗೂಡತಕ್ಕದ್ದಲ್ಲವೆಂದೂ, ಇಷ್ಟು ವರ್ಷಗಳಲ್ಲಿ ತಾನು ಸೇರಿಸಿದವರು ಇನ್ನೂರು ಮುನ್ನೂರು ಜನರನ್ನು ಮೀರಲಿಲ್ಲವೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆದನು. ಬೇರೆ ಮಿಷನರಿಗಳು ಇದರಿಂದ ಕೆರಳಿ ಖಂಡನೆಗಳನ್ನು ಬರೆದರು. ಯಾವ ಕೆಲಸಕ್ಕಾಗಿ ತನ್ನ ಬಾಳನ್ನು ಒಪ್ಪಿಸಿದ್ದನೋ ಆ ಕೆಲಸವು ನಷ್ಟವೆಂದು ಅವನ ತೀರ್ಮಾನ. ಅವನ ಹೆಸರನ್ನು ಉಳಿಸಿದ್ದು ಅವನು ಉಪಕಾರ್ಯವೆಂದು ಕೈಗೊಂಡಿದ್ದ ಸಂಗತಿಗಳು: ಚುಚ್ಚುಮದ್ದು, ಒಂದೆರಡು ಹಳ್ಳಿಗಳು, ಒಂದು ಪುಸ್ತಕ. ತಲಾಂತುಗಳ ಕಥೆಯಲ್ಲಿ ವ್ಯಾಪಾರ ಮಾಡಿ ನಷ್ಟವನ್ನು ಹೊಂದಿದ ಆಳಿನ ಮಾತೇ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಅವನನ್ನು ಯಜಮಾನನು ಏನು ಮಾಡುತ್ತಿದ್ದನು? ಮೊದಲಿಬ್ಬರನ್ನು ಹೊಗಳುವಾಗ ಯಜಮಾನನು ಲಾಭದ ಮೊತ್ತವನ್ನು ಹೊಗಳದೆ ನಂಬಿಗಸ್ತಿಕೆಯನ್ನು ಹೊಗಳುವನು. ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಮಾತು ಒಂದೇ. ಇದರಿಂದ ನಷ್ಟ ಹೊಂದಿದವನಿಗೂ ಅದೇ ಮಾತು ಸಲ್ಲುತ್ತಿತ್ತೆಂದು ಅನೇಕ ವ್ಯಾಖ್ಯಾನಕಾರರು ಊಹಿಸುವರು. ನಮಗೂ ಅದೇ ಸರಿಯೆಂದು ತೋರುತ್ತದೆ. ತನ್ನ ಲೆಕ್ಕದಲ್ಲಿ ನಷ್ಟವೆಂದು ತಾನೇ ಬರೆಯಬಲ್ಲವನು ಸುಳ್ಳು ಅಂಕಿ ಕಳುಹಿಸುವ ಮ್ಯಾನೇಜರನಿಗಿಂತ ಎಷ್ಟೋ ಮೇಲು.

ಹಾಗೆಂದು ಅವನ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿದ್ದಿತೆಂದು ಹೇಳಲಾರೆವು. ಹಿಂದೂ ಆಚಾರವ್ಯವಹಾರಗಳನ್ನು ಕುರಿತು ಅವನು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಕಂಪೆನಿಯ ಸರ್ಕಾರದವರು 1807ರಲ್ಲಿ 2000 ವರಹಗಳಿಗೆ ಕೊಂಡುಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಅನುವಾದವು ಹೊರಬಂದು ಯೂರೋಪಿನಲ್ಲೆಲ್ಲ ಹೆಸರಾಯಿತು. ಆ ಗ್ರಂಥದ ಬಹುಭಾಗವು ಪುದುಚೇರಿಯ ಕಡೆಯಲ್ಲಿದ್ದು 1779ರಲ್ಲಿ ತೀರಿಕೊಂಡ ಕೂರ್ದು ಎಂಬ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದುದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು 1987ರಲ್ಲಿ ವಿವರವಾಗಿ ತೋರಿಸಿಕೊಟ್ಟರು. ದ್ಯುಬುವಾ ಆ ಹಿರಿಯನ ಹೆಸರನ್ನು ಹೇಳಲಿಲ್ಲ. ಒಬ್ಬನ ತಲಾಂತು ಇನ್ನೊಬ್ಬನ ಖಾತೆಯಲ್ಲಿ ಸೇರಿದ ಈ ಸಂಗತಿಯನ್ನು ಅವನ ಅಭಿಮಾನಿಗಳು ಲಘುವಾಗಿ ಕಾಣುವುದುಂಟು. ಪುಸ್ತಕದಿಂದ ಬಂದ ಹಣ ಎಲ್ಲಿಗೆ ಹೋಯಿತೆಂಬುದು ಬೇರೆ ಪ್ರಶ್ನೆ. ವಿದ್ಯೆಯೂ ಒಪ್ಪಿಸಿದ ಸ್ವತ್ತೇ. ಅದನ್ನು ಯಾರಿಂದ ಪಡೆದೆವೆಂದು ಹೇಳುವುದು ಲೆಕ್ಕದ ಮೊದಲನೆಯ ಸಾಲು. ಕಾಲೇಜುಗಳಲ್ಲಿ ಪಾಠ ಹೇಳುವ ನಮ್ಮಂಥವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು.

ಮೂರನೆಯ ಆಳಿನ ವಿಚಾರವನ್ನು ಇನ್ನೂ ಮುಗಿಸಿಲ್ಲ. ಹಣವನ್ನು ನೆಲದಲ್ಲಿ ಹೂತಿಡುವುದು ಯೆಹೂದ್ಯರಲ್ಲಿ ಸೋಮಾರಿತನವೆಂದಾಗಲಿ ಮೋಸವೆಂದಾಗಲಿ ಎಣಿಸಲ್ಪಡುತ್ತಿರಲಿಲ್ಲ. ಇತರರ ಹಣವನ್ನು ಕಾಪಾಡಲು ನೆಲಕ್ಕಿಂತ ಭದ್ರವಾದ ಸ್ಥಳವಿಲ್ಲವೆಂದು ಅವರ ಧರ್ಮಶಾಸ್ತ್ರಜ್ಞರೇ ಹೇಳಿರುವರು. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಗೋಡೆಯ ಬುಡದಲ್ಲಿ ಕುಡಿಕೆ ಹೂಳಿದವರೂ ಬುದ್ಧಿವಂತರೇ. ಹಾಗಾದರೆ ಆ ಆಳಿನ ತಪ್ಪೇನು? ಅವನೇ ಹೇಳುವಂತೆ, ಅವನು ಹೆದರಿದನು. ಯಜಮಾನನು ಕಠಿಣನೆಂದು ತಿಳಿದು, ಕಳೆದುಕೊಂಡರೆ ಏನು ಗತಿಯೆಂದು ನಡುಗಿ, ಕೊಟ್ಟದ್ದನ್ನು ಕೊಟ್ಟಂತೆಯೇ ತಂದಿಟ್ಟನು. ಒಳ್ಳೆಯ ಕುಲದ, ಒಳ್ಳೆಯ ಓದಿನ, ಯಾರಿಗೂ ಕೆಡುಕು ಮಾಡದ ಎಷ್ಟೋ ಜನರ ಬಾಳು ಹೀಗೆಯೇ ಮಣ್ಣು ಮೆತ್ತಿಕೊಂಡು ಹಿಂದಿರುಗುವುದು. ಪಟ್ಟಣಗಳಲ್ಲಿ ವಾಸಿಸುವ ವಿದ್ಯಾವಂತರಿಗೆ ಐದು ತಲಾಂತಿನವನ ದುಂದುಗಾರಿಕೆಗಿಂತ ಈ ಒಂದು ತಲಾಂತಿನವನ ಜಾಗರೂಕತೆಯೇ ಹತ್ತಿರದ ಅಪಾಯ.

ಆದರೆ ಇದೇ ಕಥೆಯನ್ನು ತೋಟದ ಲೈನುಮನೆಯಲ್ಲಿ ಹುಟ್ಟಿದವನಿಗೆ ಹೇಳುವುದು ನ್ಯಾಯವೇ? ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮುಂಗಡದ ಸಾಲವನ್ನು ಕೊರಳಿಗೆ ಕಟ್ಟಿಕೊಂಡು ಬಂದವರ ಮಕ್ಕಳು ಅಕ್ಷರ ಕಾಣದೆ ಬೆರಿ ಕೊಯ್ಯುತ್ತ ಬೆಳೆದರು. ಅವರ ತಲಾಂತನ್ನು ಹೂತವರು ಅವರಲ್ಲ. ಬೇರೆಯವರು ಗುಂಡಿ ತೋಡಿ ಹೂತರು. ಮನೆವಾರ್ತೆಯ ಬೋಧೆಯಲ್ಲಿ ದುರುಪಯೋಗಕ್ಕೆ ಎಡೆಯಿರುವುದು ಇಲ್ಲಿ. ಇರುವವನಿಗೆ ಇನ್ನೂ ಕೊಡಲಾಗುವುದು ಎಂಬ ಕಥೆಯ ಕೊನೆಯನ್ನು ಎತ್ತಿಕೊಂಡು, ಸಿರಿವಂತನು ತನ್ನ ಸಿರಿಯನ್ನು ದೇವರ ಮೆಚ್ಚುಗೆಯೆಂದು ಸಾರಿಕೊಳ್ಳಬಹುದು. ಮತ್ತಾಯನು ಈ ಕಥೆಯನ್ನು ಮುಗಿಸಿದೊಡನೆ, ಹಸಿದವರಿಗೆ ಅನ್ನವಿಕ್ಕಿದಿರೋ, ಬತ್ತಲೆಯಿದ್ದವರಿಗೆ ಬಟ್ಟೆ ಕೊಟ್ಟಿರೋ ಎಂದು ರಾಜನು ಕೇಳುವ ತೀರ್ಪಿನ ದೃಶ್ಯವನ್ನು ಇಟ್ಟಿರುವನು. ಎರಡನ್ನೂ ಒಟ್ಟಿಗೆ ಓದದಿದ್ದರೆ ಅರ್ಥ ಕೆಡುವುದು. ತೋಟದ ಮಕ್ಕಳಿಗಾದರೋ ಉಪದೇಶಕ್ಕಿಂತ ಕಾನೂನೇ ಮೊದಲು ನೆರವಾಯಿತೆನ್ನಬೇಕು. 1951ರ ತೋಟ ಕಾರ್ಮಿಕರ ಕಾಯಿದೆಯು ಮನೆ, ನೀರು, ವೈದ್ಯ, ಶಿಶುವಿಹಾರಗಳ ಜೊತೆಗೆ, ಆರರಿಂದ ಹನ್ನೆರಡು ವರ್ಷದ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಾಗಿದ್ದ ತೋಟದ ಮಾಲೀಕರ ಮೇಲೆ ಶಾಲೆಯ ಹೊಣೆಯನ್ನು ಹೊರಿಸಲು ಸರ್ಕಾರಕ್ಕೆ ಅಧಿಕಾರವನ್ನು ಕೊಟ್ಟಿತು.

ಹಣವುಳ್ಳವರು ಏನು ಮಾಡಬೇಕೆಂಬುದಕ್ಕೆ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯು ಒಂದು ಸರಳವಾದ ಲೆಕ್ಕವನ್ನು ಹೇಳಿರುವನು. ಆಕ್ಸ್‌ಫರ್ಡಿನ ತರುಣನೊಬ್ಬನಿಗೆ ವರ್ಷಕ್ಕೆ 30 ಪೌಂಡು ಬರುತ್ತಿತ್ತು. 28ರಲ್ಲಿ ಜೀವಿಸಿ 2ನ್ನು ದಾನಮಾಡಿದನು. ಮರುವರ್ಷ 60 ಬಂದಿತು. 28ರಲ್ಲಿಯೇ ಜೀವಿಸಿ 32ನ್ನು ಕೊಟ್ಟನು. ಮುಂದೆ 90, ಆಮೇಲೆ 120. ಖರ್ಚು ಮಾತ್ರ 28ರಿಂದ ಕದಲಲಿಲ್ಲ. ಆ ತರುಣನು ವೆಸ್ಲಿಯೇ ಎಂದು ಜನರ ತಿಳಿವಳಿಕೆ. ಸಂಬಳ ಹೆಚ್ಚಿದೊಡನೆ ಅಗತ್ಯಗಳೂ ಹೆಚ್ಚಿದುವೆಂದು ಹೇಳುವ ನಮ್ಮ ಅಭ್ಯಾಸಕ್ಕೆ ಇದು ಕಸಿವಿಸಿಯ ಕಥೆ. ಗಾಂಧೀಜಿಯವರು ಸಿರಿವಂತರಿಗೆ ಬೋಧಿಸಿದ ಧರ್ಮದರ್ಶಿತ್ವವೂ ಇದೇ ಜಾಡಿನದು. ಬೆಟ್ಟಸೀಮೆಯಲ್ಲಿ ವೆಸ್ಲಿಯ ಲೆಕ್ಕವನ್ನು ಪೂರ್ತಿಯಾಗಿ ನಡೆಸಿದವರು ಇದ್ದರೋ ಇಲ್ಲವೋ, ಗಳಿಸಿದ್ದರಲ್ಲಿ ಒಂದು ಪಾಲನ್ನು ನಾಡಿಗೆ ಹಿಂದಿರುಗಿಸಿದವರಂತೂ ಉಂಟು. ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೂ, ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಭವನಕ್ಕೂ ಇರುವ ಕ್ರಾಫರ್ಡ್ ಎಂಬ ಹೆಸರು ಈ ಕಡೆಯ ಕಾಫಿ ತೋಟಗಾರನೊಬ್ಬನದು. ಮಾನಸಗಂಗೋತ್ರಿಯ ಕಡೆ ಹೋಗುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಆ ಕಟ್ಟಡದ ಹೆಸರಿನ ಹಿಂದೆ ಸಕಲೇಶಪುರದ ಕಾಫಿಯಿದೆಯೆಂದು ಗೊತ್ತಿದೆಯೋ ಕಾಣೆವು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯು ವೆಸ್ಲಿಯ ಪಂಥದವರೇ ನಡೆಸಿದ್ದು. ಅಲ್ಲಿ ಒಪ್ಪಿಸಲ್ಪಟ್ಟದ್ದು ಹಣಕ್ಕಿಂತ ಹೆಚ್ಚಾಗಿ ದಾದಿಯರ ಮತ್ತು ವೈದ್ಯರ ಆಯುಸ್ಸು.

ಒಪ್ಪಿಸಿದ ವಸ್ತುವನ್ನು ಬೆಳೆಸುವುದರ ಮಾತಾಯಿತು. ಬೆಳೆಸಿದ್ದನ್ನು ಬಿಟ್ಟುಕೊಡಬೇಕಾಗಿ ಬಂದಾಗ ಏನೆಂಬುದಕ್ಕೆ ಹೇಮಾವತಿಯ ದಡದ ಶೆಟ್ಟಿಹಳ್ಳಿಯನ್ನು ನೋಡಬೇಕು. ದ್ಯುಬುವಾನ ಕಾಲದ ಮೇಲೂ ಫ್ರೆಂಚ್ ಪಾದ್ರಿಗಳು ಈ ಭಾಗದಲ್ಲಿ ಸೇವೆಯನ್ನು ಮುಂದುವರಿಸಿದರು. 1860ರ ಸುಮಾರಿನಲ್ಲಿ ಅವರು ಶೆಟ್ಟಿಹಳ್ಳಿಯಲ್ಲಿ ಜಪಮಾಲೆಯ ಮಾತೆಯ ಹೆಸರಿನ ದೇವಾಲಯವನ್ನು ಗಾಥಿಕ್ ರೀತಿಯಲ್ಲಿ ಕಟ್ಟಿಸಿದರು. ಗಾರೆಗೆ ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಬೆರೆಸಿದರೆಂದು ಊರಿನವರು ಹೇಳುವುದುಂಟು. ಮೂಡಿಗೆರೆಯ ಜಾವಳಿಯ ಬಳಿ ಹುಟ್ಟಿ ಸಕಲೇಶಪುರದ ಮಗ್ಗುಲಲ್ಲಿ ಹರಿದು ಬರುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. 37 ಟಿ.ಎಂ.ಸಿ. ನೀರು ನಿಲ್ಲತಕ್ಕ ಆ ಜಲಾಶಯದ ಹಿನ್ನೀರು ಆಲೂರಿನ ಕಡೆಗೂ ಚಾಚಿ ಅನೇಕ ಹಳ್ಳಿಗಳನ್ನು ನುಂಗಿತು. ಶೆಟ್ಟಿಹಳ್ಳಿಯವರು ಗದ್ದೆ ಮನೆಗಳನ್ನು ಬಿಟ್ಟು ಬೇರೆ ನೆಲಕ್ಕೆ ಹೋದರು. ಅವರ ಗದ್ದೆಗಳ ಮೇಲೆ ನಿಂತ ನೀರು ಕಾಲುವೆಗಳಲ್ಲಿ ಹರಿದು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳನ್ನು ಸೇರಿತು. ಇದು ದಾನವೋ, ಕಿತ್ತುಕೊಂಡದ್ದೋ? ಕೇಳದೆ ತೆಗೆದುಕೊಂಡದ್ದನ್ನು ತ್ಯಾಗವೆಂದು ಹೊಗಳುವುದು ಪಡೆದವರಿಗೆ ಅನುಕೂಲವಾದ ಮಾತು. ನಾವು ಆ ಮಾತನ್ನು ಆಡಲಾರೆವು. ತುಮಕೂರಿನ ಕಡೆ ನಲ್ಲಿಯಲ್ಲಿ ಈ ನೀರು ಬಂದಾಗ ಯಾರು ಯಾರಿಗೆ ಲೆಕ್ಕ ಹೇಳಬೇಕೆಂಬ ಪ್ರಶ್ನೆಯು ಇನ್ನೂ ತೀರಿಲ್ಲ.

ದೇವಾಲಯದ ಮಾಡು ಹೋಯಿತು. ಕಮಾನುಗಳೂ ಗೋಡೆಗಳೂ ಬಹುಕಾಲ ನಿಂತುವು. ಮಳೆಗಾಲದಲ್ಲಿ ನೀರು ಏರಿ ಕಿಟಕಿಗಳ ಮಟ್ಟವನ್ನು ಮುಟ್ಟುವುದು, ಬೇಸಗೆಯಲ್ಲಿ ಇಳಿದು ಕೆಸರು ಬಿರಿದ ನೆಲವು ಕಾಣುವುದು. ಬೆಂಗಳೂರಿನಿಂದ ಚಿತ್ರ ತೆಗೆಯಲು ಬರುವವರು ಮುಳುಗಿದ ಗುಡಿಯನ್ನು ನೋಡಿ ಹೋಗುತ್ತಾರೆ. ಹೊಸ ಊರುಗಳಿಗೆ ಹೋಗಿ ನೆಲೆಸಿದ ಮನೆತನಗಳು ಅಲ್ಲಿಯ ತಮ್ಮ ದೇವಾಲಯಗಳಲ್ಲಿ ಪ್ರಾರ್ಥನೆ ಮಾಡಿಕೊಂಡು, ಹೊಲಗೆಲಸ ನೋಡಿಕೊಂಡು, ಮಕ್ಕಳನ್ನು ಓದಿಸಿಕೊಂಡು ಇದ್ದಾರೆ.